ನಂಬರ್ ಪ್ಲೇಟಿನಲ್ಲೊಂದು ಯುದ್ಧ

2014ರ ಅಕ್ಟೋಬರ್ 2ರಂದು ಅರ್ಜೆಂಟೀನಾದ ದಕ್ಷಿಣ ತುದಿಯ ಉಶ್ವಾಯಾ ಪಟ್ಟಣದಲ್ಲಿ ಮಾಜಿ ಸೈನಿಕರ ಗುಂಪೊಂದು ಹೋಟೆಲಿಗೆ ಬಂದು ನಿಂತಿತು. ಅವರು ಹುಡುಕಿಕೊಂಡು ಬಂದದ್ದು ಬಿಬಿಸಿಯ ‘ಟಾಪ್ ಗೇರ್’ ಎಂಬ ಮೋಟಾರು ಕಾರ್ಯಕ್ರಮದ ತಂಡವನ್ನು. ಅವರ ಸಿಟ್ಟಿಗೆ ಕಾರಣವಾದದ್ದು ಒಂದು ಮಾತಲ್ಲ, ಒಂದು ದೃಶ್ಯವಲ್ಲ. ಒಂದು ಹಳೆಯ ಪೋರ್ಷೆ ಕಾರಿನ ನಂಬರ್ ಪ್ಲೇಟು. ಅದರ ಮೇಲಿದ್ದ ಸಂಖ್ಯೆ ‘ಎಚ್ 982 ಎಫ್‌ಕೆಎಲ್’. ಓದುವವರ ಕಣ್ಣಿಗೆ 982 ಎಂಬುದು 1982 ಆಯಿತು, ಎಫ್‌ಕೆಎಲ್ ಎಂಬುದು ಫಾಕ್‌ಲ್ಯಾಂಡ್ ಆಯಿತು. ಮೂವತ್ತೆರಡು ವರ್ಷಗಳ ಹಿಂದೆ ಸೋತ ಯುದ್ಧವನ್ನು ಗೆದ್ದವರು ಕಾರಿಗೆ ಕಟ್ಟಿಕೊಂಡು ತಮ್ಮೂರಿನ ಬೀದಿಯಲ್ಲಿ ಮೆರೆಸುತ್ತಿದ್ದಾರೆ ಎಂದು ಆ ಊರಿನವರು ತಿಳಿದರು.

ಆ ಪ್ರಕರಣ ನಡೆದು ಹತ್ತು ವರ್ಷಗಳು ದಾಟಿವೆ. ಅದನ್ನು ಈಗ ನೆನೆಯಲು ಕಾರಣವಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಬಾರಿಲೋಚೆಯಿಂದ ಉಶ್ವಾಯಾದವರೆಗೆ ಪ್ಯಾಟಗೋನಿಯಾದ ಬಯಲುಗಳ ಮೂಲಕ ಮೂರು ಕಾರುಗಳಲ್ಲಿ ಪ್ರಯಾಣ ಮಾಡುವುದು, ಕೊನೆಯಲ್ಲಿ ಕಾರುಗಳಿಂದಲೇ ಅರ್ಜೆಂಟೀನಾ–ಇಂಗ್ಲೆಂಡ್ ಫುಟ್‌ಬಾಲ್ ಪಂದ್ಯವೊಂದನ್ನು ಆಡುವುದು ತಂಡದ ಯೋಜನೆಯಾಗಿತ್ತು. ಜೆರೆಮಿ ಕ್ಲಾರ್ಕ್‌ಸನ್ ಪೋರ್ಷೆಯಲ್ಲಿ, ರಿಚರ್ಡ್ ಹ್ಯಾಮಂಡ್ ಫೋರ್ಡ್ ಮಸ್ಟಾಂಗಿನಲ್ಲಿ, ಜೇಮ್ಸ್ ಮೇ ಲೋಟಸ್ ಕಾರಿನಲ್ಲಿ. ಚಿತ್ರೀಕರಣ ನಡೆಯುತ್ತಿದ್ದಾಗಲೇ ಪೋರ್ಷೆಯ ಸಂಖ್ಯೆ ಅಂತರ್ಜಾಲದಲ್ಲಿ ಹರಿದಾಡಿತು. ಒಂದರಲ್ಲಿ ಅರ್ಥ ಕಂಡವರು ಸುಮ್ಮನಿರುತ್ತಾರೆಯೇ? ಉಳಿದೆರಡು ಕಾರುಗಳ ಸಂಖ್ಯೆಗಳಲ್ಲಿಯೂ ಯುದ್ಧದಲ್ಲಿ ಸತ್ತವರ ಲೆಕ್ಕವನ್ನು ಕಂಡವರಿದ್ದರು. ತಂಡ ಆ ಫಲಕವನ್ನು ತೆಗೆಯಿತು. ಅಷ್ಟರಲ್ಲಿ ಕಾಲ ಮಿಂಚಿತ್ತು. ಉಶ್ವಾಯಾ ಬಿಟ್ಟು ಹೋಗಿ ಎಂಬ ಒತ್ತಾಯ ಬಂದಾಗ ಮೂವರು ನಿರೂಪಕರನ್ನು ವಿಮಾನದಲ್ಲಿ ಕಳುಹಿಸಲಾಯಿತು. ಉಳಿದವರು ವಾಹನಗಳ ಸಾಲು ಕಟ್ಟಿಕೊಂಡು ಚಿಲಿಯ ಗಡಿಯತ್ತ ಹೊರಟರು. ಸುಮಾರು ನೂರು ಕಿಲೋಮೀಟರ್ ದೂರದ ಟೋಲ್ವಿನ್ ಎಂಬ ಊರಿನಲ್ಲಿ ದಾರಿ ಕಟ್ಟಿದ ಗುಂಪು ಅವರ ಮೇಲೆ ಕಲ್ಲು ತೂರಿತು. ಗಾಜು ಒಡೆದು ಕೆಲವರಿಗೆ ಗಾಯಗಳಾದವು. ಕೊನೆಗೆ ಮೂರು ಕಾರುಗಳನ್ನೂ ದಾರಿಯಲ್ಲೇ ಬಿಟ್ಟು ಅವರು ಗಡಿ ದಾಟಿದರು.

ಇಲ್ಲಿ ‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಎಂಬ ಗಾದೆಯನ್ನು ಯಾರಿಗೆ ಅನ್ವಯಿಸಬೇಕು ಎಂಬುದೇ ನನಗೆ ಗೊಂದಲ. ಉಶ್ವಾಯಾದವರು ಅದನ್ನು ತಮಗೆ ಅನ್ವಯಿಸಿಕೊಂಡರು. ಲಂಡನ್ನಿನ ಪತ್ರಿಕೆಗಳು ತಮ್ಮ ತಂಡಕ್ಕೆ ಅನ್ವಯಿಸಿದವು. ಎರಡೂ ಕಡೆ ಒಂದಿಷ್ಟು ನಿಜವಿತ್ತು.

ಮೊದಲು ಆ ಊರಿನ ಬಗ್ಗೆ. ಉಶ್ವಾಯಾ ಬೇರೆ ಯಾವುದೋ ಅರ್ಜೆಂಟೀನಾ ಪಟ್ಟಣದಂತಲ್ಲ. ಅದು ತಿಯೆರಾ ದೆಲ್ ಫ್ಯೂಗೊ ಪ್ರಾಂತ್ಯದ ರಾಜಧಾನಿ. ಅರ್ಜೆಂಟೀನಾದ ಕಾಗದಪತ್ರಗಳ ಪ್ರಕಾರ ಮಾಲ್ವಿನಾಸ್ ದ್ವೀಪಗಳೂ, ಅಂದರೆ ಬ್ರಿಟಿಷರ ಫಾಕ್‌ಲ್ಯಾಂಡ್ ಕೂಡ, ಅದೇ ಪ್ರಾಂತ್ಯಕ್ಕೆ ಸೇರಿವೆ. ಊರಿನ ವಿಮಾನ ನಿಲ್ದಾಣದ ಹೆಸರಿನಲ್ಲಿಯೇ ಮಾಲ್ವಿನಾಸ್ ಇದೆ. 1982ರ ಏಪ್ರಿಲ್ 26ರಂದು ‘ಜನರಲ್ ಬೆಲ್ಗ್ರಾನೊ’ ಯುದ್ಧನೌಕೆ ಹೊರಟದ್ದು ಇದೇ ಬಂದರಿನಿಂದ. ಮೇ 2ರಂದು ಬ್ರಿಟಿಷ್ ಜಲಾಂತರ್ಗಾಮಿಯ ಟಾರ್ಪಿಡೊಗಳಿಗೆ ಸಿಕ್ಕಿ ಅದು ಮುಳುಗಿದಾಗ 323 ಜನ ಸತ್ತರು. ಬ್ರಿಟನ್ ತಾನೇ ಸಾರಿದ್ದ ಇನ್ನೂರು ಮೈಲಿಗಳ ನಿಷೇಧಿತ ವಲಯದ ಹೊರಗೆ ಆಗ ಆ ಹಡಗಿತ್ತು. ಎಪ್ಪತ್ತನಾಲ್ಕು ದಿನಗಳ ಯುದ್ಧದಲ್ಲಿ ಅರ್ಜೆಂಟೀನಾ ಕಳೆದುಕೊಂಡ 649 ಮಂದಿಯಲ್ಲಿ ಸುಮಾರು ಅರ್ಧದಷ್ಟು ಜನ ಆ ಒಂದೇ ಹಡಗಿನವರು. ಬ್ರಿಟನ್ನಿನ ಕಡೆ 255 ಸೈನಿಕರು ಮಡಿದರು. ಮೂವರು ದ್ವೀಪವಾಸಿಗಳೂ ಸತ್ತರು. ಬೆಲ್ಗ್ರಾನೊವನ್ನು ಬೀಳ್ಕೊಟ್ಟ ಕಟ್ಟೆಯಿರುವ ಊರಿಗೆ ಕಾರ್ ಫುಟ್‌ಬಾಲ್ ಆಡಲು ಹೋಗುವುದೆಂದರೆ, ನಂಬರ್ ಪ್ಲೇಟು ಏನೇ ಇರಲಿ, ತುಸು ತಯಾರಿ ಬೇಕಾಗಿತ್ತು. 2012ರ ಫೆಬ್ರವರಿಯಲ್ಲಿ ಎರಡು ಪ್ರವಾಸಿ ಹಡಗುಗಳಿಗೆ, ದ್ವೀಪಗಳಿಗೆ ಹೋಗಿ ಬಂದವೆಂಬ ಕಾರಣಕ್ಕೆ, ಇದೇ ಉಶ್ವಾಯಾ ತನ್ನ ಬಂದರಿನಲ್ಲಿ ನಿಲ್ಲಲು ಬಿಟ್ಟಿರಲಿಲ್ಲ. ಬಿಬಿಸಿಯ ಸುದ್ದಿ ವಿಭಾಗಕ್ಕೆ ಇದು ಚೆನ್ನಾಗಿ ಗೊತ್ತಿತ್ತು. ಅದೇ ಕಟ್ಟಡದ ಮನರಂಜನಾ ವಿಭಾಗ ಅವರನ್ನು ಒಂದು ಮಾತು ಕೇಳಿರಲಿಲ್ಲವೇ ಎಂಬುದು ನನ್ನ ಸರಳ ಪ್ರಶ್ನೆ.

ಇನ್ನು ಆಕಸ್ಮಿಕದ ಮಾತು. ಬ್ರಿಟನ್ನಿನಲ್ಲಿ ಕಾರಿನ ನೋಂದಣಿ ಸಂಖ್ಯೆ ಸಾಮಾನ್ಯವಾಗಿ ಅದರ ಆಯುಷ್ಯಪೂರ್ತಿ ಜೊತೆಗಿರುತ್ತದೆ. ಮೊದಲಕ್ಷರ ‘ಎಚ್’ ಎಂದರೆ 1990ರ ಆಗಸ್ಟಿನಿಂದ 1991ರ ಜುಲೈವರೆಗೆ ನೋಂದಾಯಿಸಿದ್ದು ಎಂದರ್ಥ. ಪೋರ್ಷೆ ಆ ಕಾಲದ್ದೇ. ಕಾರು ಕೊಂಡಾಗಲೇ ಆ ಸಂಖ್ಯೆ ಅದರ ಮೇಲಿತ್ತು, ನಾವು ಹುಡುಕಿ ಹಾಕಿಸಿದ್ದಲ್ಲ ಎಂದು ಕಾರ್ಯಕ್ರಮದ ನಿರ್ಮಾಪಕ ಆಂಡಿ ವಿಲ್ಮನ್ ಹೇಳಿದರು. ಇದನ್ನು ಅಲ್ಲಗಳೆಯುವ ಸಾಕ್ಷ್ಯ ಮುಂದೆಯೂ ಸಿಗಲಿಲ್ಲ. ನಾನು ಇದನ್ನು ಬಹುಮಟ್ಟಿಗೆ ನಂಬುತ್ತೇನೆ. ಬೇಕೆಂದೇ ಕೆಣಕುವವನು ಇಷ್ಟು ಅಡ್ಡಾದಿಡ್ಡಿ ಒಗಟನ್ನು ಆರಿಸಿಕೊಳ್ಳುವುದಿಲ್ಲ. ಹಣ ಕೊಟ್ಟರೆ ಇದಕ್ಕಿಂತ ನೇರವಾದ ಸಂಖ್ಯೆಗಳು ಅಲ್ಲಿ ಸಿಗುತ್ತವೆ.

ಆದರೆ ಉಶ್ವಾಯಾದವರು ಏಕೆ ನಂಬಬೇಕಾಗಿತ್ತು? ‘ಹುಲಿ ಬಂತು ಹುಲಿ’ ಎಂದು ಕೂಗಿದ ಹುಡುಗನ ಕತೆ ನಮ್ಮ ಮಕ್ಕಳಿಗೂ ಗೊತ್ತು. 2007ರಲ್ಲಿ ಪ್ರಸಾರವಾದ ಅಮೆರಿಕ ಪ್ರವಾಸದ ಕಂತಿನಲ್ಲಿ ಇದೇ ಮೂವರು ಒಬ್ಬರ ಕಾರಿನ ಮೇಲೊಬ್ಬರು ಅಲಬಾಮಾದ ಜನರನ್ನು ಕೆರಳಿಸುವಂಥ ಘೋಷಣೆಗಳನ್ನು ಬರೆದು ಓಡಿಸಿದ್ದರು. ಯಾರು ಮೊದಲು ಪೆಟ್ಟು ತಿನ್ನುತ್ತಾರೆ ನೋಡೋಣ ಎಂಬುದೇ ಆಟ. ಪೆಟ್ರೋಲ್ ಬಂಕಿನಲ್ಲಿ ನಿಜಕ್ಕೂ ಕಲ್ಲುಗಳು ಬಿದ್ದವು, ಅದೇ ಕಂತಿನ ಹೆಗ್ಗಳಿಕೆಯಾಯಿತು. 2014ರ ಮಾರ್ಚಿನಲ್ಲಿ ಪ್ರಸಾರವಾದ ಬರ್ಮಾ ಕಂತಿನಲ್ಲಿ ಸೇತುವೆಯ ಮೇಲೆ ನಡೆದು ಬರುತ್ತಿದ್ದ ವ್ಯಕ್ತಿಯನ್ನು ನೋಡುತ್ತಾ ಕ್ಲಾರ್ಕ್‌ಸನ್ ಏಷ್ಯಾದವರನ್ನು ಹೀನಾಯಿಸುವ ಶ್ಲೇಷೆಯೊಂದನ್ನು ಬಳಸಿದರು. ಅದು ನಿಯಮಭಂಗವೆಂದು ಬ್ರಿಟನ್ನಿನ ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್ ಜುಲೈನಲ್ಲಿ ತೀರ್ಪಿತ್ತಿತು. ಎರಡು ತಿಂಗಳ ತರುವಾಯ ಅದೇ ತಂಡ ಅರ್ಜೆಂಟೀನಾದಲ್ಲಿ ಇಳಿದು, ಇದು ಮಾತ್ರ ಬರೀ ಕಾಕತಾಳೀಯ ಎನ್ನುತ್ತಿತ್ತು. ಆಕಸ್ಮಿಕವನ್ನು ನಟಿಸುವುದೇ ಕಸುಬಾದವರಿಗೆ ನಿಜವಾದ ಆಕಸ್ಮಿಕ ಎದುರಾದಾಗ ಸಾಕ್ಷಿಗಳು ಸಿಗುವುದಿಲ್ಲ. ಸಾಲದ್ದಕ್ಕೆ, ಬಿಟ್ಟುಹೋದ ಕಾರಿನಲ್ಲಿ ಇನ್ನೊಂದು ಫಲಕವೂ ಸಿಕ್ಕಿತು. ಅದರ ಅಕ್ಷರಗಳನ್ನು ಕೂಡಿಸಿದರೆ ಇಂಗ್ಲಿಷಿನ ಒಂದು ಬೀದಿ ಬೈಗುಳ. ತಮ್ಮನ್ನೇ ಗೇಲಿ ಮಾಡಿಕೊಳ್ಳಲು ತಂದ ಫಲಕವದು ಎಂಬ ವಿವರಣೆ ಬಂತು. ಇರಬಹುದು. ಕಲ್ಲು ಹಿಡಿದು ನಿಂತವನಿಗೆ ಇಂಗ್ಲಿಷಿನ ಆತ್ಮವಿಡಂಬನೆಯ ಸೂಕ್ಷ್ಮಗಳನ್ನು ತಿಳಿಸಿ ಹೇಳುವವರಾರು?

ಭಾರತದ ಓದುಗರಿಗೆ ಈ ತಂಡದ ಪರಿಚಯವಿದೆ. 2011ರ ಡಿಸೆಂಬರ್ 28ರಂದು ಬ್ರಿಟನ್ನಿನಲ್ಲಿ ಪ್ರಸಾರವಾದ ವಿಶೇಷ ಕಂತಿನಲ್ಲಿ ಮೂವರೂ ಮುಂಬೈಯಿಂದ ಹಿಮಾಲಯದವರೆಗೆ ಹೋದರು. ಇಲ್ಲಿ ಊಟ ಮಾಡಿದವರಿಗೆಲ್ಲ ಹೊಟ್ಟೆ ಕೆಡುತ್ತದೆಂದು ಕ್ಲಾರ್ಕ್‌ಸನ್ ತಮ್ಮ ಜಾಗ್ವಾರ್ ಕಾರಿನ ಹಿಂಬದಿಗೆ ಕಮೋಡ್ ಕಟ್ಟಿಕೊಂಡಿದ್ದರು. ರೈಲಿನ ಬೋಗಿಗಳಿಗೆ ಬ್ರಿಟಿಷ್ ವಾಣಿಜ್ಯವನ್ನು ಹೊಗಳುವ ಬಟ್ಟೆಯ ಫಲಕ ಕಟ್ಟಿ, ಬೋಗಿಗಳು ಬೇರ್ಪಟ್ಟು ಫಲಕ ಹರಿದಾಗ ಉಳಿದ ಅಕ್ಷರಗಳು ಅಶ್ಲೀಲವಾಗುವಂತೆ ಮಾಡಿದ್ದರು. ಮುಂದಿನ ತಿಂಗಳು ಲಂಡನ್ನಿನ ಭಾರತೀಯ ಹೈಕಮಿಷನ್ ಬಿಬಿಸಿಗೆ ಪತ್ರ ಬರೆದು ಪ್ರತಿಭಟಿಸಿತು. ಚಿತ್ರೀಕರಣದ ಅನುಮತಿ ಕೇಳುವಾಗ ನೀವು ಹೇಳಿದ್ದು ಒಂದು, ಮಾಡಿದ್ದು ಇನ್ನೊಂದು ಎಂಬುದು ಅದರ ತಿರುಳು.

ನಾನು ಆ ಕಂತನ್ನು ನೋಡಿದ್ದೇನೆ. ರೈಲಿನ ಫಲಕ ಹರಿದಾಗ ನಕ್ಕಿದ್ದೇನೆ ಎಂಬುದನ್ನೂ ಮುಚ್ಚಿಡುವುದಿಲ್ಲ. ಅಲ್ಲಿ ನಗೆಪಾಟಲಾದದ್ದು ಬಹುಮಟ್ಟಿಗೆ ವ್ಯಾಪಾರ ಕುದುರಿಸಲು ಹೊರಟ ಬ್ರಿಟಿಷರೇ. ಡಬ್ಬಾವಾಲಾಗಳ ಜೊತೆ ಪೈಪೋಟಿಗಿಳಿದು ಊಟದ ಡಬ್ಬಿಗಳನ್ನು ಕಾರಿನಲ್ಲಿ ಹಂಚಲು ಹೊರಟಾಗ ಪೆಚ್ಚಾದವರು ಯಾರೆಂಬುದೂ ಸ್ಪಷ್ಟವಿತ್ತು. ಕಮೋಡಿನ ಹಾಸ್ಯ ಮಾತ್ರ ಹಳಸಲು. ವಲಸಾಹತಿನ ಕಾಲದಿಂದ ಬಿಳಿಯರು ನಮ್ಮ ಬಗ್ಗೆ ಹೇಳಿಕೊಂಡು ಬಂದ ಸವಕಲು ನಗೆಹನಿ. ಹಳಸಿದ ಹಾಸ್ಯಕ್ಕೆ ತಕ್ಕ ಉತ್ತರ ಆಕಳಿಕೆಯೇ ಹೊರತು ರಾಯಭಾರ ಕಚೇರಿಯ ಪತ್ರವಲ್ಲ.

ಏಕೆಂದರೆ ಅನುಮತಿ ಪತ್ರವೆಂಬ ಈ ಆಯುಧದ ಚರಿತ್ರೆ ಅಷ್ಟೇನೂ ಒಳ್ಳೆಯದಲ್ಲ. 1970ರಲ್ಲಿ ಫ್ರೆಂಚ್ ನಿರ್ದೇಶಕ ಲೂಯಿ ಮಾಲ್ ಅವರ ಭಾರತದ ಸಾಕ್ಷ್ಯಚಿತ್ರಗಳನ್ನು ಬಿಬಿಸಿ ಪ್ರಸಾರ ಮಾಡಿತೆಂದು ದೆಹಲಿಯಲ್ಲಿನ ಅದರ ಕಚೇರಿಯನ್ನೇ ಮುಚ್ಚಿಸಲಾಯಿತು. ಮಾಲ್ ಕಮೋಡ್ ಕಟ್ಟಿಕೊಂಡು ಬಂದವರಲ್ಲ. ಬೀದಿಯಲ್ಲಿ ಕಂಡದ್ದನ್ನು ಗಂಭೀರವಾಗಿ ತೋರಿಸಿದವರು. 2017ರಲ್ಲಿ ಕಾಜಿರಂಗದ ಅರಣ್ಯ ರಕ್ಷಕರ ಗುಂಡಿನ ನೀತಿಯನ್ನು ಪ್ರಶ್ನಿಸಿದ ಚಿತ್ರವೊಂದರ ಸಲುವಾಗಿ, ಕೊಟ್ಟ ಸಾರಾಂಶವೇ ಬೇರೆ, ತೆಗೆದ ಚಿತ್ರವೇ ಬೇರೆ ಎಂಬ ಅದೇ ಆಕ್ಷೇಪವನ್ನು ಎತ್ತಿ, ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ದೇಶದ ಎಲ್ಲ ಹುಲಿ ಮೀಸಲು ಪ್ರದೇಶಗಳಿಂದ ಬಿಬಿಸಿಯನ್ನು ಐದು ವರ್ಷ ಹೊರಗಿಟ್ಟಿತು. ಅಸ್ಸಾಮಿನ ಚಿತ್ರಕ್ಕಾಗಿ ಬಂಡೀಪುರ, ನಾಗರಹೊಳೆಗಳ ಬಾಗಿಲೂ ಮುಚ್ಚಿದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎಂದರೆ ಇದೇ. ಒರಟು ವಿದೂಷಕನ ಮೇಲೆ ಇಂದು ಎತ್ತಿದ ಕೋಲು ನಾಳೆ ಸತ್ಯ ಹೇಳುವವನ ಬೆನ್ನಿಗೆ ಬೀಳುತ್ತದೆ. ವಿದೂಷಕನಾದರೋ ಅಷ್ಟರಲ್ಲಿ ಮುಂದಿನ ದೇಶಕ್ಕೆ ಹೋಗಿರುತ್ತಾನೆ.

ಅರ್ಜೆಂಟೀನಾ ಕೂಡ ಅದೇ ಹಾದಿ ಹಿಡಿಯಿತು. ಲಂಡನ್ನಿನಲ್ಲಿದ್ದ ಅದರ ರಾಯಭಾರಿ ಅಲಿಸಿಯಾ ಕಾಸ್ಟ್ರೊ ಬಿಬಿಸಿಯ ಟೆಲಿವಿಷನ್ ಮುಖ್ಯಸ್ಥ ಡ್ಯಾನಿ ಕೋಹೆನ್ ಅವರನ್ನು ಕಂಡು ಬಹಿರಂಗ ಕ್ಷಮೆ ಕೇಳಬೇಕೆಂದು ಪಟ್ಟು ಹಿಡಿದರು. ಬಿಬಿಸಿ ಒಪ್ಪಲಿಲ್ಲ, ಕಂತುಗಳನ್ನು ಡಿಸೆಂಬರ್ 27 ಮತ್ತು 28ರಂದು ಪ್ರಸಾರ ಮಾಡಿಯೇಬಿಟ್ಟಿತು. ಅದೇ ವರ್ಷದ ಕೊನೆಗೆ, ‘ಮಾಲ್ವಿನಾಸ್ ಅರ್ಜೆಂಟೀನಾದ್ದು’ ಎಂಬ ವಾಕ್ಯ ಬಸ್ಸು, ರೈಲು, ನಿಲ್ದಾಣಗಳಲ್ಲಿ ಕಡ್ಡಾಯವಾಗಿ ಇರಬೇಕೆಂಬ ಕಾನೂನನ್ನು ಅರ್ಜೆಂಟೀನಾದ ಸಂಸತ್ತು ಮಾಡಿತು. ಒಬ್ಬರ ಕಾರಿನ ಮೇಲಿನ ಬರಹ ಅಪರಾಧ, ತಮ್ಮ ಬಸ್ಸಿನ ಮೇಲಿನ ಬರಹ ಕರ್ತವ್ಯ. ದ್ವೀಪದಲ್ಲಿ ವಾಸಿಸುವವರನ್ನು ಈ ಗದ್ದಲದಲ್ಲಿ ಕೇಳಿದವರಿಲ್ಲ. 2013ರ ಮಾರ್ಚಿನ ಜನಮತಗಣನೆಯಲ್ಲಿ ಬ್ರಿಟನ್ನಿನ ಜೊತೆಗೇ ಇರುತ್ತೇವೆ ಎಂದವರು 1,513 ಮಂದಿ, ಬೇಡವೆಂದವರು ಮೂವರು.

ಮಾಜಿ ಸೈನಿಕರ ನೋವನ್ನು ಮಾತ್ರ ಈ ರಾಜಕೀಯದ ಲೆಕ್ಕಕ್ಕೆ ಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ಆ ಯುದ್ಧ ಹೂಡಿದ್ದು ಜನರಲ್ ಗಾಲ್ಟಿಯೇರಿಯ ಸೇನಾ ಸರ್ಕಾರ. ತನ್ನದೇ ಪ್ರಜೆಗಳನ್ನು ಸಾವಿರಗಟ್ಟಲೆ ಕಾಣೆಯಾಗಿಸಿದ್ದ ಆಳ್ವಿಕೆ. ದಂಡಯಾತ್ರೆಗೆ ಮೂರು ದಿನ ಮುಂಚೆ ಬ್ಯೂನಸ್ ಐರಿಸ್‌ನ ಬೀದಿಗಳಲ್ಲಿ ಅದರ ವಿರುದ್ಧ ಕಾರ್ಮಿಕರು ಲಾಠಿ ಏಟು ತಿಂದಿದ್ದರು. ಏಪ್ರಿಲ್ 2ರಂದು ಅದೇ ಊರಿನ ಚೌಕ ಜಯಘೋಷಗಳಿಂದ ತುಂಬಿತು. ದ್ವೀಪಗಳಿಗೆ ಕಳುಹಿಸಿದವರಲ್ಲಿ ಬಹಳ ಮಂದಿ ಕಡ್ಡಾಯ ಸೇವೆಯ ಹದಿನೆಂಟು, ಹತ್ತೊಂಬತ್ತರ ಹುಡುಗರು. ಹಸಿವಿಗೆ ಕುರಿ ಕದ್ದರೆಂದು ತಮ್ಮ ಅಧಿಕಾರಿಗಳಿಂದಲೇ ಕೈಕಾಲು ಕಟ್ಟಿಸಿಕೊಂಡು ಹೆಪ್ಪುಗಟ್ಟಿದ ನೆಲದ ಮೇಲೆ ಮಲಗಿದವರು ಅವರಲ್ಲಿದ್ದರು. ಆ ಚಿತ್ರಹಿಂಸೆಯ ದೂರುಗಳು 2007ರಿಂದ ನ್ಯಾಯ ಬೇಡುತ್ತಿರುವುದು ಇದೇ ತಿಯೆರಾ ದೆಲ್ ಫ್ಯೂಗೊದ ರಿಯೊ ಗ್ರಾಂಡೆ ನ್ಯಾಯಾಲಯದಲ್ಲಿ. ಸೋತು ಬಂದವರನ್ನು ಸೇನೆ ಕತ್ತಲಲ್ಲಿ, ಸದ್ದಿಲ್ಲದೆ ಮನೆಗೆ ಕಳುಹಿಸಿತ್ತು. ತಮ್ಮ ಸರ್ಕಾರದಿಂದ ಪಡೆಯಲಾಗದ ಗೌರವವನ್ನು ಅವರು ಒಬ್ಬ ಟೆಲಿವಿಷನ್ ನಿರೂಪಕನಿಂದ ವಸೂಲು ಮಾಡಲು ಹೊರಟರು. ಅದು ಸಿಗುವ ಜಾಗವಲ್ಲ ಅದು.

ಇನ್ನೊಂದು ಕಡೆಯ ಇಲಿಗಳು ಯಾರು? ಕ್ಲಾರ್ಕ್‌ಸನ್, ಹ್ಯಾಮಂಡ್, ಮೇ ಅಲ್ಲ. ಅವರು ಬೇಗನೆ ವಿಮಾನ ಹತ್ತಿದರು. ಸಿಟ್ಟು ಇರುವುದು ನಿರೂಪಕರ ಮೇಲೆ, ಅವರು ಹೋದರೆ ಉಳಿದವರು ಸುರಕ್ಷಿತ ಎಂಬ ಲೆಕ್ಕ ಅದರ ಹಿಂದಿತ್ತು. ಆ ಕ್ಷಣಕ್ಕೆ ಅದು ತಪ್ಪು ನಿರ್ಧಾರವೆಂದು ನಾನು ಹೇಳಲಾರೆ. ಆದರೆ ಕಲ್ಲು ಬಿದ್ದದ್ದು ಛಾಯಾಗ್ರಾಹಕರ ಮೇಲೆ, ಧ್ವನಿಮುದ್ರಕರ ಮೇಲೆ, ಮೆಕ್ಯಾನಿಕ್ಕುಗಳ ಮೇಲೆ. ತೆರೆಯ ಮೇಲೆ ಹೆಸರು ಓಡುವಾಗ ನಾವು ಚಾನೆಲ್ ಬದಲಿಸುತ್ತೇವಲ್ಲ, ಆ ಹೆಸರುಗಳವರ ಮೇಲೆ. ಪ್ರಾಣ ಹೋಗುವುದರಲ್ಲಿತ್ತು ಎಂದು ಕ್ಲಾರ್ಕ್‌ಸನ್ ಆಮೇಲೆ ಪತ್ರಿಕೆಯಲ್ಲಿ ಬರೆದರು. ಹೋಗುವುದರಲ್ಲಿದ್ದ ಪ್ರಾಣಗಳಲ್ಲಿ ಹೆಚ್ಚಿನವು ಅವರದಲ್ಲ. ಬಿಬಿಸಿಯ ವಾಣಿಜ್ಯ ವಿಭಾಗಕ್ಕೆ ಈ ಕಾರ್ಯಕ್ರಮ ವರ್ಷಕ್ಕೆ ಸುಮಾರು 5 ಕೋಟಿ ಪೌಂಡ್ ತರುತ್ತಿತ್ತೆಂದು ಆಗಿನ ವರದಿಗಳು ಹೇಳುತ್ತಿದ್ದವು. ಅಷ್ಟು ತರುವವರಿಗೆ ಮನೆಯಲ್ಲಿ ಬುದ್ಧಿ ಹೇಳುವವರು ಕಡಿಮೆ. ಕ್ಲಾರ್ಕ್‌ಸನ್ ಕೊನೆಗೆ ಬಿಬಿಸಿಯಿಂದ ಹೊರಬಿದ್ದದ್ದು ಅರ್ಜೆಂಟೀನಾದ ಕಾರಣಕ್ಕಲ್ಲ, ಭಾರತದ ಕಾರಣಕ್ಕೂ ಅಲ್ಲ. 2015ರ ಮಾರ್ಚಿನಲ್ಲಿ ಚಿತ್ರೀಕರಣ ಮುಗಿಸಿ ಬಂದಾಗ ಬಿಸಿ ಊಟ ಸಿಗಲಿಲ್ಲವೆಂದು ತಂಡದ ನಿರ್ಮಾಪಕರೊಬ್ಬರ ಮೇಲೆ ಕೈಮಾಡಿದರು, ಅದಕ್ಕೆ. ಪರದೇಶಗಳ ಮರ್ಯಾದೆಗೆ ತೂಗದ ತಕ್ಕಡಿ ಒಬ್ಬ ನೌಕರನ ತುಟಿಯ ಗಾಯಕ್ಕೆ ತೂಗಿತು. ಅಷ್ಟಾದರೂ ಆಯಿತು.

ಈಗ, ಆರಂಭದಲ್ಲಿ ಹೇಳಿದ ಕಾರಣ. ಟೋಲ್ವಿನ್‌ನ ಕಲ್ಲುಗಳ ಬಗ್ಗೆ ಓದುವಾಗ ನನಗೆ ಬ್ರಿಟಿಷರ ಕಾರಿಗಿಂತ ಹೆಚ್ಚಾಗಿ ಕಣ್ಣಿಗೆ ಕಟ್ಟುವುದು ನಮ್ಮ ಹೆದ್ದಾರಿಗಳು. 2016ರ ಸೆಪ್ಟೆಂಬರ್ 12ರಂದು ಕಾವೇರಿಯ ಹೆಸರಿನಲ್ಲಿ ಬೆಂಗಳೂರಿನಲ್ಲಿ ಹತ್ತಾರು ಬಸ್ಸು, ಲಾರಿಗಳು ಸುಟ್ಟುಹೋದವು. ಅವುಗಳನ್ನು ಆರಿಸಿದ್ದು ‘ಟಿಎನ್’ ಎಂಬ ಎರಡಕ್ಷರ. ಅದೇ ದಿನಗಳಲ್ಲಿ ತಮಿಳುನಾಡಿನಲ್ಲಿ ‘ಕೆಎ’ ಎಂಬ ಎರಡಕ್ಷರ ಹೊತ್ತ ವಾಹನಗಳಿಗೆ ಏಟು ಬಿದ್ದವು. ಅತ್ತಿಬೆಲೆಯ ಗಡಿಯಲ್ಲಿ ಬಸ್ಸುಗಳು ನಿಂತು, ಜನ ಮಕ್ಕಳನ್ನೂ ಗಂಟುಮೂಟೆಗಳನ್ನೂ ಹೊತ್ತು ಹೊಸೂರಿನ ಕಡೆಗೆ ನಡೆದರು. 2025ರ ಫೆಬ್ರವರಿಯಲ್ಲಿ ಬೆಳಗಾವಿಯ ಬಳಿ ನಮ್ಮ ಸಾರಿಗೆ ಬಸ್ಸಿನ ನಿರ್ವಾಹಕರೊಬ್ಬರಿಗೆ ಭಾಷೆಯ ಕಾರಣಕ್ಕೆ ಹೊಡೆದರು. ಪ್ರತಿಯಾಗಿ ಚಿತ್ರದುರ್ಗದಲ್ಲಿ ಮಹಾರಾಷ್ಟ್ರದ ಬಸ್ಸಿನ ಚಾಲಕರಿಗೆ ಮಸಿ ಬಳಿದರು. ಆ ಕಡೆ ನಮ್ಮ ಬಸ್ಸುಗಳಿಗೆ ಮಸಿ. ಎರಡೂ ರಾಜ್ಯಗಳು ಕೆಲವು ದಿನ ಬಸ್ ಸಂಚಾರವನ್ನು ನಿಲ್ಲಿಸಿದವು.

ಇಲ್ಲಿ ಯಾರೂ ಕಾರಿನ ಮೇಲೆ ಘೋಷಣೆ ಬರೆದುಕೊಂಡು ಬಂದಿರಲಿಲ್ಲ. ಯಾರ ಅಣಕವೂ ಇರಲಿಲ್ಲ. ಸಾರಿಗೆ ಪ್ರಾಧಿಕಾರ ಕೊಟ್ಟ ಸಂಖ್ಯೆಯನ್ನು ಕಟ್ಟಿಕೊಂಡು ಸಂಬಳಕ್ಕೆ ಗಾಡಿ ಓಡಿಸುವ ಚಾಲಕ. ಒಂದು ಅಣೆಕಟ್ಟಿನ ನೀರಿಗೋ, ನ್ಯಾಯಾಲಯದ ಆದೇಶಕ್ಕೋ, ಯಾರೋ ಆಡಿದ ಮಾತಿಗೋ ಅವನು ಉತ್ತರ ಹೇಳಬೇಕು. ಉಶ್ವಾಯಾದ ಘಟನೆಯನ್ನು ನಮ್ಮಲ್ಲಿ ಚರ್ಚಿಸಿದವರು ಹೆಚ್ಚಾಗಿ ಹೇಳಿದ್ದು, ‘ಆ ಅಹಂಕಾರಿಗಳಿಗೆ ತಕ್ಕ ಶಾಸ್ತಿಯಾಯಿತು’ ಎಂದು. ಆ ವಾಕ್ಯ ನನ್ನ ಬಾಯಿಗೂ ಬಂದದ್ದುಂಟು. ನುಂಗಿಕೊಂಡೆ. ಕ್ಲಾರ್ಕ್‌ಸನ್ ಅಹಂಕಾರಿ ಎಂಬುದಕ್ಕೆ ಉಶ್ವಾಯಾದ ಸಾಕ್ಷಿ ಬೇಕಿಲ್ಲ. ಆದರೆ ಆ ವಾಕ್ಯದ ಒಳಗಿರುವುದು, ಫಲಕ ನೋಡಿ ಕಲ್ಲೆತ್ತಬಹುದು ಎಂಬ ಒಪ್ಪಿಗೆ. ಅದನ್ನು ಟೋಲ್ವಿನ್‌ನವರಿಗೆ ಕೊಟ್ಟರೆ ಮೈಸೂರು ರಸ್ತೆಯಲ್ಲಿ ಹೇಗೆ ಹಿಂದಕ್ಕೆ ಕೇಳುವುದು?

ಯುದ್ಧದ ನೆನಪಿಗೆ ಗೌರವ ಸಲ್ಲಿಸುವ ಕೆಲಸವೂ ಆ ದ್ವೀಪಗಳಲ್ಲಿ ನಡೆಯಿತು, ಕ್ಯಾಮೆರಾಗಳ ಗದ್ದಲವಿಲ್ಲದೆ. ಡಾರ್ವಿನ್ ಎಂಬಲ್ಲಿನ ಸ್ಮಶಾನದಲ್ಲಿ ದೇವರಿಗಷ್ಟೇ ಗೊತ್ತಿರುವ ಅರ್ಜೆಂಟೀನಾ ಸೈನಿಕ ಎಂದಷ್ಟೇ ಬರೆದ ಕಲ್ಲುಗಳಿದ್ದವು. 2016ರ ಕೊನೆಯಲ್ಲಿ ಎರಡೂ ಸರ್ಕಾರಗಳು ಒಪ್ಪಂದಕ್ಕೆ ಬಂದವು. 2017ರ ಚಳಿಗಾಲದಲ್ಲಿ ಅಂತರರಾಷ್ಟ್ರೀಯ ರೆಡ್‌ಕ್ರಾಸ್‌ನ ತಜ್ಞರು ಅಂಥ 121 ಸಮಾಧಿಗಳನ್ನು ತೆರೆದು, ಮೂಳೆಗಳ ಡಿಎನ್‌ಎಯನ್ನು ಬಂಧುಗಳು ಕೊಟ್ಟ ಮಾದರಿಗಳೊಂದಿಗೆ ಹೋಲಿಸಿ ನೋಡತೊಡಗಿದರು. ಮುಂದಿನ ವರ್ಷಗಳಲ್ಲಿ ನೂರಕ್ಕೂ ಹೆಚ್ಚು ಮಂದಿಯ ಗುರುತು ಸಿಕ್ಕಿತು. 2018ರ ಮಾರ್ಚಿನಲ್ಲಿ ಬಂಧುಗಳು ವಿಮಾನದಲ್ಲಿ ದ್ವೀಪಕ್ಕೆ ಹೋದಾಗ ಕಲ್ಲುಗಳ ಮೇಲೆ ಮಕ್ಕಳ, ಅಣ್ಣತಮ್ಮಂದಿರ ಹೆಸರುಗಳಿದ್ದವು.